ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು 8 ವರ್ಷದ ಮಗನ ಮುಂದಿನ ಹಲ್ಲಿನ ನರ ಸತ್ತಿದೆ. ಬೇರಿನೊಳಗೆ ರಕ್ತ ಬರಿಸುತ್ತೇವೆ ಅನ್ನುತ್ತಿದ್ದಾರೆ ಶಿವಮೊಗ್ಗದ ಡಾಕ್ಟರ್. ಇದು ಸರಿಯಾ?

ಸರಿಯೇ. ಪಾಚಿಗಟ್ಟಿದ ಅಂಗಳದಲ್ಲಿ ಜಾರಿದ್ದು ಅಂದಿರಿ, ಮಲೆನಾಡಿನ ಮಳೆಗಾಲ ಅಲ್ವಾ!

ಈ ಹಲ್ಲು ಹುಟ್ಟಿ ಸುಮಾರು 3 ವರ್ಷ ಬೇರಿನ ತುದಿ ತೆರೆದೇ ಇರುತ್ತದೆ, ಗೋಡೆಯೂ ತೆಳು. ನರ ಸತ್ತರೆ ಬೇರಿನ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಮಾಮೂಲಿ ರೂಟ್ ಕೆನಾಲ್‌ನಿಂದ ಗೋಡೆ ದಪ್ಪ ಆಗುವುದಿಲ್ಲ, ಮುಂದೆ ಹಲ್ಲು ಮುರಿಯಬಹುದು.

ಅದಕ್ಕೇ ಮೊದಲು ಒಳಗೆ ತೊಳೆದು, ಕೆಲವು ವಾರ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅನ್ನೋ ಸೋಂಕು ಕೊಲ್ಲುವ ಔಷಧಿ ಇಡುತ್ತಾರೆ. ಸೋಂಕು ಹೋದ ಮೇಲೆ ಫೈಲ್ ಅನ್ನೋ ಸೂಜಿಯಂಥ ಸಣ್ಣ ಉಪಕರಣದಿಂದ ಬೇರಿನ ತುದಿಯಾಚೆ ಚುಚ್ಚಿ ರಕ್ತ ಬರಿಸುತ್ತಾರೆ. ಕಾಳುಮೆಣಸಿನ ಬಳ್ಳಿಗೆ ಅಡಿಕೆ ಮರ ಹೇಗೋ, ಹೊಸ ಅಂಗಾಂಶಕ್ಕೆ ಆ ಹೆಪ್ಪುಗಟ್ಟಿದ ರಕ್ತ ಹಾಗೆ. ಅದರ ಮೇಲೆ ಎಂಟಿಎ ಅನ್ನೋ ಹಲ್ಲಿನ ಸಿಮೆಂಟಿನ ಮುಚ್ಚಳ.

ಬೇರು ಎಲ್ಲರಿಗೂ ಬೆಳೆದೇ ಬಿಡುತ್ತದೆ ಅಂತಿಲ್ಲ. ಹಲ್ಲಿನ ಬಣ್ಣ ಸ್ವಲ್ಪ ಕಪ್ಪಾಗಲೂಬಹುದು. ನೋವಿಲ್ಲ ಅಂತ ಸುಮ್ನೆ ಇರಬೇಡಿ, ಹೇಳಿದಾಗೆಲ್ಲ ಎಕ್ಸ್‌ರೇಗೆ ಕರೆದುಕೊಂಡು ಹೋಗಿ.