ಪ್ರ: 1766319049 ಅವಿಭಾಜ್ಯ ಸಂಖ್ಯೆಯೇ?

ಅಲ್ಲ, ಬಾಗಲಕೋಟೆ ಗೆಳೆಯರೇ. ನೀವು 3, 7, 13ರಿಂದ ಭಾಗಿಸಿ ನೋಡಿದ್ದೀರಿ, ನಡುವಿನ 11 ಬಿಟ್ಟುಹೋಗಿದೆ. ಬಲದಿಂದ ಒಂದು ಬಿಟ್ಟು ಒಂದು ಅಂಕಿ ಕೂಡಿಸಿ: 9+0+1+6+7, ಒಟ್ಟು 23. ಉಳಿದವು 4+9+3+6+1, ಅದೂ 23. ಎರಡೂ ಸಮ, ಹಾಗಾಗಿ 11ರಿಂದ ಶೇಷವಿಲ್ಲದೆ ಹೋಗುತ್ತದೆ. ಭಾಗಲಬ್ಧ 160574459.

ಆದರೆ ಇದು ಸುಮ್ನೆ ಯಾವುದೋ ಒಂದು ಸಂಖ್ಯೆಯಲ್ಲ. ಒಂದು ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿಸಿದರೆ ಮತ್ತೆ ವರ್ಗವೇ ಬರಬೇಕು ಎಂಬ ಲೆಕ್ಕಕ್ಕೆ ಸಿಗುವ ಅತಿ ಚಿಕ್ಕ ಉತ್ತರವೇ 226153980, ಆಗ ಬರುವ ವರ್ಗದ ಮೂಲ ನಿಮ್ಮ ಈ 176 ಕೋಟಿ ಚಿಲ್ಲರೆ ಸಂಖ್ಯೆ. 60ಕ್ಕೆ ಇದೇ ಲೆಕ್ಕ 4 ಮತ್ತು 31ರಲ್ಲೇ ಮುಗಿಯುತ್ತದೆ, ನೋಡಿ! 1657ರಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ಯುರೋಪಿನ ಗಣಿತಜ್ಞರ ಮುಂದೆ ಈ 61ರ ಲೆಕ್ಕವನ್ನು ಸವಾಲಾಗಿ ಇಟ್ಟ. ಭಾಸ್ಕರಾಚಾರ್ಯರು 1150ರ ಹೊತ್ತಿಗೇ ಚಕ್ರವಾಲ ವಿಧಾನದಿಂದ, ಅಂದರೆ ಒಂದೇ ಹೆಜ್ಜೆಯನ್ನು ಮತ್ತೆ ಮತ್ತೆ ಮಾಡುತ್ತಾ ಉತ್ತರಕ್ಕೆ ಬರುವ ವಿಧಾನದಿಂದ, ಬಿಡಿಸಿದ್ದರು. ಅವರು ನಮ್ಮ ವಿಜಯಪುರದ ಕಡೆಯವರು ಅಂತ ಇಲ್ಲಿ ತುಂಬಾ ಜನ ಹೆಮ್ಮೆಯಿಂದ ಹೇಳುತ್ತಾರೆ, ಆದರೂ ಶಾಲೆಯಲ್ಲಿ ಈ ಲೆಕ್ಕ ಯಾರೂ ಮಾಡಿಸುವುದಿಲ್ಲ ಅನ್ನೋದೇ ನನಗೆ ಬೇಸರ.

ಇನ್ನೊಂದು ಗುಣ ನಿಮಗೆ ಕೆಲಸಕ್ಕೆ ಬರುತ್ತದೆ. 29718ರ ವರ್ಗವನ್ನು ಎರಡರಷ್ಟು ಮಾಡಿ 1 ಕೂಡಿಸಿದರೆ ಇದೇ ಸಂಖ್ಯೆ. ಈ ರೂಪದ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯಗಳು 8ರಿಂದ ಭಾಗಿಸಿದಾಗ 1 ಅಥವಾ 3 ಮಾತ್ರ ಉಳಿಸುತ್ತವೆ. ಅಂದರೆ 5, 7, 13, 23 ಇವನ್ನೆಲ್ಲ ಮುಟ್ಟುವುದೇ ಬೇಡ. 160574459ನ್ನು ಇನ್ನೂ ಒಡೆಯಬೇಕಾದರೆ 17ಕ್ಕೆ 7 ಉಳಿಯುತ್ತದೆ, 19ಕ್ಕೆ 6. ನೀವು ಸೀದಾ 41ರಿಂದ ಶುರು ಮಾಡಿ.