ಧಾರಣೆ ಪುಟ ತೆರೆಯಲು ತಡವೇಕೆ? ನೆಟ್‌ವರ್ಕ್ ಫಲಕದಲ್ಲಿ ನೋಡಿ

ಪ್ರಶ್ನೆ: ಟೊಮೆಟೊ ಮಂಡಿಯೊಂದಕ್ಕಾಗಿ 15 ಕೆ.ಜಿ. ಬಾಕ್ಸ್‌ನ ದಿನದ ಧಾರಣೆ ತೋರಿಸುವ ಜಾಲಪುಟವನ್ನು ನಾನೇ ಮಾಡಿದ್ದೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಅದು ತಕ್ಷಣ ತೆರೆಯುತ್ತದೆ. ಆದರೆ ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ರೈತರು ಬಹಳ ಹೊತ್ತು ಬರೀ ಬಿಳಿ ಪರದೆ ಕಾಣುತ್ತದೆ ಎನ್ನುತ್ತಾರೆ. ಯಾವ ಕಡತದಿಂದ ತಡವಾಗುತ್ತಿದೆ ಎಂದು ತಿಳಿಯಲು ಬೇರೆ ತಂತ್ರಾಂಶ ಬೇಕೆ?
– ಓದುಗರು, ಕೋಲಾರ

ಉತ್ತರ: ಬೇಕಾಗಿಲ್ಲ. 2006ರಲ್ಲಿ ಪುಟ ಪರೀಕ್ಷಿಸುವ ಫೈರ್‌ಬಗ್ ಎಂಬ ಸಾಧನ ಬಂದಾಗ ಅದನ್ನು ಫೈರ್‌ಫಾಕ್ಸ್‌ಗೆ ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕಿತ್ತು. ಈಗ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಎಫ್12 ಕೀಲಿ ಒತ್ತಿ ‘ನೆಟ್‌ವರ್ಕ್’ ಟ್ಯಾಬ್‌ಗೆ ಹೋದರೆ ಸಾಕು. ಫಲಕ ತೆರೆದ ಮೇಲೆ ಬಂದ ಕಡತಗಳನ್ನಷ್ಟೇ ಅದು ದಾಖಲಿಸುವುದರಿಂದ, ಪಟ್ಟಿ ಖಾಲಿ ಕಂಡರೆ ಪುಟವನ್ನು ರೀಲೋಡ್ ಮಾಡಿ.

ಅದಕ್ಕೂ ಮೊದಲು ‘ಡಿಸೇಬಲ್ ಕ್ಯಾಶ್’ ಎಂಬುದನ್ನು ಗುರುತು ಮಾಡಿ. ದಿನಕ್ಕೆ ಹತ್ತು ಸಲ ಪುಟ ತೆರೆಯುವ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಬಹುಪಾಲು ಕಡತಗಳು ಆಗಲೇ ಉಳಿದುಕೊಂಡಿರುತ್ತವೆ. ಮೊದಲ ಬಾರಿ ಬರುವ ರೈತರಿಗೆ ಎಲ್ಲವೂ ಹೊಸದಾಗಿ ಇಳಿಯಬೇಕು. ಪಕ್ಕದ ಥ್ರಾಟ್ಲಿಂಗ್ (ಜಾಲದ ವೇಗ ತಗ್ಗಿಸುವ) ಪಟ್ಟಿಯಲ್ಲಿ 3ಜಿ ಆರಿಸಿದರೆ ಅವರು ಅನುಭವಿಸುತ್ತಿರುವುದು ನಿಮಗೂ ಸ್ವಲ್ಪಮಟ್ಟಿಗೆ ಅರಿವಾಗುತ್ತದೆ.

ಇನ್ನು ಬಿಳಿ ಪರದೆಯ ವಿಚಾರ. ಇಂಥ ದೂರು ಬಂದಾಗ ಹೆಚ್ಚಿನವರು ಮೊದಲು ಚಿತ್ರಗಳನ್ನು ಚಿಕ್ಕದು ಮಾಡಲು ಹೊರಡುತ್ತಾರೆ. ಚಿತ್ರ ಭಾರವಾಗಿದ್ದರೆ ಸಾಮಾನ್ಯವಾಗಿ ಆ ಜಾಗ ಮಾತ್ರ ತಡವಾಗಿ ತುಂಬುತ್ತದೆ, ಅಕ್ಷರಗಳು ಮೊದಲೇ ಕಾಣುತ್ತವೆ. ಏನೂ ಕಾಣುತ್ತಿಲ್ಲವೆಂದರೆ ನನ್ನ ಅನುಮಾನ ಪುಟದ ತಲೆಭಾಗದಲ್ಲಿ ಕರೆದಿರುವ ಸಿಎಸ್‌ಎಸ್ (ಪುಟದ ಅಂದ ನಿರ್ಧರಿಸುವ) ಮತ್ತು ಜಾವಾಸ್ಕ್ರಿಪ್ಟ್ (ಪುಟದ ಕೆಲಸ ನಡೆಸುವ) ಕಡತಗಳ ಮೇಲೆ, ಏಕೆಂದರೆ ಅವು ಬಂದು ಮುಗಿಯುವವರೆಗೆ ಬ್ರೌಸರ್ ಪುಟವನ್ನು ಚಿತ್ರಿಸದೆ ಕಾಯುತ್ತದೆ. ‘ವಾಟರ್‌ಫಾಲ್’ ಕಂಬಸಾಲಿನಲ್ಲಿ ಅವುಗಳ ಎದುರಿನ ಬಣ್ಣದ ಪಟ್ಟೆಯ ಉದ್ದ ನೋಡಿ, ಅದರ ಮೇಲೆ ಮೌಸ್ ಇಡಿ: ಸರ್ವರ್‌ನ ಉತ್ತರಕ್ಕೆ ಕಾದ ಸಮಯವೇ ಹೆಚ್ಚಿದ್ದರೆ ಆ ಸರ್ವರ್ ನಿಧಾನ, ಇಳಿಕೆಯ ಸಮಯ ಹೆಚ್ಚಿದ್ದರೆ ಕಡತ ದಪ್ಪ. ‘ಇನಿಶಿಯೇಟರ್’ ಕಂಬಸಾಲು ಆ ಕಡತವನ್ನು ಕರೆಸಿದ್ದು ಯಾವುದೆಂದು ಹೇಳುತ್ತದೆ; ಸಿದ್ಧ ಮಾದರಿಯಿಂದ ಶುರುಮಾಡಿದ ಪುಟಗಳಲ್ಲಿ, ಯಾರಿಗೂ ಬೇಡವಾದ ಸ್ಲೈಡರ್‌ನ ಸ್ಕ್ರಿಪ್ಟ್ ಅಲ್ಲೇ ಸಿಕ್ಕಿಬೀಳುವುದುಂಟು. ಅದನ್ನು ತೆಗೆದುಹಾಕಿ, ಬೇಕಾದ ಸ್ಕ್ರಿಪ್ಟ್‌ಗಳಿಗೆ, ಪುಟವನ್ನು ತಡೆಯದೆ ಆಮೇಲೆ ಓಡುವಂತೆ ಮಾಡುವ ‘ಡಿಫರ್’ ಸೇರಿಸಿ.

ಫೈರ್‌ಫಾಕ್ಸ್‌ನಲ್ಲಿ ‘ಟ್ರಾನ್ಸ್‌ಫರ್ಡ್’ (ಜಾಲದಲ್ಲಿ ಬಂದ ಗಾತ್ರ) ಮತ್ತು ‘ಸೈಜ್’ (ಕಡತದ ನಿಜ ಗಾತ್ರ) ಎಂಬ ಎರಡು ಅಂಕಿಗಳಿವೆ. ಪಠ್ಯರೂಪದ ದೊಡ್ಡ ಕಡತಕ್ಕೆ ಇವೆರಡೂ ಹೆಚ್ಚುಕಡಿಮೆ ಒಂದೇ ಇದ್ದರೆ ಸರ್ವರ್ ಅದನ್ನು ಕುಗ್ಗಿಸದೆ ಕಳುಹಿಸುತ್ತಿದೆ ಎಂದರ್ಥ. ಹೀಗೆ ಕುಗ್ಗಿಸುವ ಜಿಜಿಪ್ ಸೌಲಭ್ಯವನ್ನು ಚಾಲೂ ಮಾಡಲು ಹೋಸ್ಟಿಂಗ್‌ನವರನ್ನು ಕೇಳಿ. ಅವರು ಫಲಕದ ದಾಖಲೆಯನ್ನು ಎಚ್‌ಎಆರ್ ಕಡತವಾಗಿ ಕಳುಹಿಸಲು ಹೇಳಬಹುದು. ಅದರಲ್ಲಿ ನಿಮ್ಮ ಲಾಗಿನ್ ಕುಕಿಗಳೂ ಸೇರಿಕೊಂಡಿರುವ ಸಾಧ್ಯತೆ ಇರುವುದರಿಂದ, ಧಾರಣೆ ತುಂಬುವ ಖಾತೆಯಿಂದ ಹೊರಬಂದು, ಖಾಸಗಿ ಕಿಟಕಿಯಲ್ಲಿ ಪುಟ ತೆರೆದು ದಾಖಲಿಸಿದ್ದನ್ನೇ ಕಳುಹಿಸಿ.