ಪ್ಲಾಸ್ಮಾ ದಾನದಿಂದ ಯಾರಿಗೆ ಪ್ರಯೋಜನ?

ಪ್ರಶ್ನೆ: ಶಿಬಿರವೊಂದರಲ್ಲಿ ಇತ್ತೀಚೆಗೆ ರಕ್ತ ಕೊಟ್ಟೆ. ಪ್ಲಾಸ್ಮಾವನ್ನಷ್ಟೇ ಕೊಡಲೂ ಸಾಧ್ಯವೆಂದು ಅಲ್ಲಿ ಹೇಳಿದರು. ಅದರಿಂದ ಯಾರಿಗೆ ಉಪಯೋಗ? ನನಗೆ ನಿಶ್ಶಕ್ತಿಯಾಗದೇ? ನನ್ನದು ಎಬಿ ಗುಂಪು.
– ಓದುಗರು, ಬದಿಯಡ್ಕ, ಕಾಸರಗೋಡು

ಉತ್ತರ: ರಕ್ತದ ಸುಮಾರು ಶೇ. 55 ಭಾಗವಾಗಿರುವ ತಿಳಿಹಳದಿ ದ್ರವವೇ ಪ್ಲಾಸ್ಮಾ. ಅದರಲ್ಲಿ ಶೇ. 90ಕ್ಕೂ ಹೆಚ್ಚು ನೀರೇ ಇದ್ದರೂ, ಉಳಿದ ಅಲ್ಪಾಂಶದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನು, ದೇಹಕ್ಕೆ ಹೊರಗಿನದೆನಿಸಿದ್ದರ ವಿರುದ್ಧ ಹೋರಾಡುವ ಪ್ರತಿಕಾಯಗಳು ಹಾಗೂ ರಕ್ತವನ್ನು ಹೆಪ್ಪುಗಟ್ಟಿಸುವ ಪ್ರೋಟೀನುಗಳು ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾದವರಿಗೆ, ಯಕೃತ್ತು ಕೆಟ್ಟವರಿಗೆ, ಅಪಘಾತದಲ್ಲಿ ಬಹಳ ರಕ್ತ ಕಳೆದುಕೊಂಡವರಿಗೆ ಜೀವದಾಯಕವಾಗುತ್ತವೆ; ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆಯ ರೋಗಿಗಳಿಗೆ ಬೇಕಾದ ಔಷಧವನ್ನೂ ಇದರಿಂದ ತಯಾರಿಸುತ್ತಾರೆ. ಎಬಿ ಗುಂಪಿನ ಪ್ಲಾಸ್ಮಾದಲ್ಲಿ ಎ ಅಥವಾ ಬಿ ವಿರೋಧಿ ಪ್ರತಿಕಾಯಗಳಿಲ್ಲದ ಕಾರಣ ಅದನ್ನು ಯಾವ ಗುಂಪಿನವರಿಗೂ ಕೊಡಬಹುದು. ನಿಮ್ಮಂಥವರನ್ನು ರಕ್ತನಿಧಿಯವರು ಹುಡುಕುವುದು ಇದಕ್ಕಾಗಿಯೇ.

ನಿಶ್ಶಕ್ತಿಯ ಭಯ ಬೇಡ. ಯಂತ್ರವು ಪ್ಲಾಸ್ಮಾವನ್ನು ಬೇರ್ಪಡಿಸಿ ರಕ್ತಕಣಗಳನ್ನು ನಿಮ್ಮ ದೇಹಕ್ಕೇ ಮರಳಿಸುತ್ತದೆ. ಕಳೆದುಹೋದ ದ್ರವಾಂಶ ಒಂದೆರಡು ದಿನಗಳಲ್ಲಿ ತುಂಬಿಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟದಂತೆ ಬೆರೆಸುವ ಸಿಟ್ರೇಟ್‌ನಿಂದ ತುಟಿ ಜುಮ್ಮೆನ್ನಬಹುದು. ಹಾಗಾದರೆ ಸುಮ್ಮನಿರದೆ ಕೂಡಲೇ ತಿಳಿಸಿ. ಬೆಳಗ್ಗೆ ಗಂಜಿಯನ್ನಾದರೂ ಉಂಡು, ಸಾಕಷ್ಟು ನೀರು ಕುಡಿದೇ ಹೊರಡಿ. ಈ ಯಂತ್ರ ಎಲ್ಲ ರಕ್ತನಿಧಿಗಳಲ್ಲಿಯೂ ಇರುವುದಿಲ್ಲವಾದ್ದರಿಂದ, ಮಂಗಳೂರಿನ ಬಸ್ಸು ಹತ್ತುವ ಮೊದಲು ದೂರವಾಣಿಯಲ್ಲಿ ವಿಚಾರಿಸಿ, ಹಿಂದೆ ರಕ್ತ ಕೊಟ್ಟ ದಿನಾಂಕವನ್ನೂ ತಿಳಿಸಿರಿ.